ಕಾಲ್‌ನಲ್ಲಿ 'ಸರಿ' ಅಂದು ಗಡುವು ತಪ್ಪಿಸುವ ಟೀಮ್

ಜರ್ಮನಿಯ ಮ್ಯೂನಿಕ್, ಅಮೆರಿಕದ ಆಸ್ಟಿನ್ ಕಚೇರಿಗಳ ಜೊತೆಗಿನ ಕಾಲ್‌ನಲ್ಲಿ ನಿಮ್ಮ ಬೆಂಗಳೂರಿನ ಟೀಮ್‌ನವರು ಎಲ್ಲದಕ್ಕೂ 'ಸರಿ' ಅಂದು ಆಮೇಲೆ ಗಡುವು ತಪ್ಪಿಸುತ್ತಾರೆ, ಕಂಪನಿ ಮೌಲ್ಯಗಳ ತರಬೇತಿ ಕೊಡಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಬರೀ ತರಬೇತಿಯಿಂದ ಆಗಲ್ಲ.

ಮೊದಲು ಗಡಿಯಾರ ನೋಡಿ. ಬೇಸಿಗೆಯಲ್ಲಿ ನಮ್ಮ ಸಂಜೆ 6:30 ಅಂದರೆ ಮ್ಯೂನಿಕ್‌ಗೆ ಮಧ್ಯಾಹ್ನ 3, ಆಸ್ಟಿನ್‌ಗೆ ಬೆಳಿಗ್ಗೆ 8. ಚಳಿಗಾಲದಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಿಡುವುದರಿಂದ ಅದೇ ಕಾಲ್ ನಮಗೆ 7:30ಕ್ಕೆ ಜಾರುತ್ತೆ. ಮಾರ್ಚ್‌ನಲ್ಲಿ ಅಮೆರಿಕ ಯುರೋಪಿಗಿಂತ ಮೊದಲೇ ಗಡಿಯಾರ ಬದಲಿಸುವುದರಿಂದ ಎರಡು-ಮೂರು ವಾರ ಇನ್ನೂ ಗೋಜಲು. ಸದಾ ನಾವೇ ಹೊತ್ತು ಮೀರಿ ಕೂರಬೇಕಾದರೆ, ಬೇಗ ತಲೆಯಾಡಿಸಿ ಏಳುವ ಚಾಳಿ ತಾನಾಗೇ ಬರುತ್ತೆ. ತಿಂಗಳಿಗೊಮ್ಮೆ ಸರದಿಯಂತೆ ಸಮಯ ಬದಲಿಸಿ.

ಚರ್ಚೆಯ ವಿಷಯವನ್ನು ಒಂದು ಪುಟದಲ್ಲಿ ಬರೆದು 24 ಗಂಟೆ ಮೊದಲೇ ಹಂಚಿ, ಆಕ್ಷೇಪಗಳನ್ನು ಬರಹದಲ್ಲೇ ಪಡೆಯಿರಿ. ಕಾಲ್‌ನಲ್ಲಿ ಕಿರಿಯರು ಮೊದಲು, ಮ್ಯಾನೇಜರ್ ಕೊನೆಗೆ ಮಾತಾಡಲಿ (ಬಾಸ್ ಅಭಿಪ್ರಾಯ ಹೇಳಿದ ಮೇಲೆ ನಮ್ಮಲ್ಲಿ ಯಾರು ಬಾಯಿ ಬಿಡ್ತಾರೆ?). 'ಆಗುತ್ತಾ?' ಅಂತ ಕೇಳಿದರೆ 'ಆಗುತ್ತೆ' ಅಂತಲೇ ಉತ್ತರ ಬರೋದು. 'ಏನು ಅಡ್ಡ ಬರಬಹುದು? ಅದು ಯಾವ ತಾರೀಖಿಗೆ ಗೊತ್ತಾಗುತ್ತೆ?' ಅಂತ ಕೇಳಿ.

ಅಪ್ರೈಸಲ್ (ಕೆಲಸದ ಮೌಲ್ಯಮಾಪನ) ಫಾರ್ಮ್ ಕೂಡ ತೆಗೆದು ನೋಡಿ. ತೊಂದರೆಯನ್ನು ಮುಂಚೆಯೇ ಹೇಳಿದವರಿಗೆ ರೇಟಿಂಗ್ ಇಳಿಯುತ್ತಿದ್ದರೆ ಮೇಲಿನದೆಲ್ಲ ವ್ಯರ್ಥ. ಎಚ್.ಆರ್. ಜೊತೆ ಆ ಮಾತು ಈಗಲೇ ಆಗಲಿ, ರೇಟಿಂಗ್ ಬಂದ ಮೇಲಲ್ಲ.