ಪಾಸ್ಟರ್ ಕೊಟ್ಟ ಎಂಜಿನ್

ಪ್ರಶ್ನೆ: ನಾವು ಮಿನ್ನೆಸೋಟಾದ ಸಣ್ಣ ಊರಿನಲ್ಲಿದ್ದೇವೆ. ಪಕ್ಕದ ಮನೆಯ ಲೂಥರನ್ ಪಾಸ್ಟರ್ ತೀರಿಕೊಂಡರು. ಬೇಸ್‌ಮೆಂಟ್ ತುಂಬ ಮಾಡೆಲ್ ರೈಲು ಕಟ್ಟಿದ್ದರು. ಅವರ ಪತ್ನಿ ಒಂದು ಎಂಜಿನ್ ನನ್ನ ಮಗನಿಗೆ ಕೊಟ್ಟಿದ್ದಾರೆ. ಡಬ್ಬದ ಮೇಲೆ ‘ಎಚ್‌ಒ’ ಎಂದಿದೆ. ಓಡಿಸಬಹುದೇ, ಸುಮ್ನೆ ಷೋಕೇಸಿನಲ್ಲಿ ಇಡಬೇಕೇ?

ಉತ್ತರ: ಖಂಡಿತ ಓಡಿಸಿ. ಎಚ್‌ಒ ಅಂದರೆ ನಿಜವಾದ ರೈಲಿನ 87ನೇ ಒಂದು ಪಾಲು. ಹಳಿಗಳ ನಡುವೆ 16.5 ಮಿಲಿಮೀಟರ್. 40 ಅಡಿಯ ಗೂಡ್ಸ್ ಡಬ್ಬಿ ಇದರಲ್ಲಿ ಐದೂವರೆ ಇಂಚು!

ವಿಸ್ಕಾನ್ಸಿನ್‌ನಲ್ಲಿದ್ದಾಗ ನನಗೂ ಇಂಥ ಪಾಸ್ಟರ್ ಒಬ್ಬರ ಪರಿಚಯವಿತ್ತು. ಭಾನುವಾರ ಆರಾಧನೆ, ಕಾಫಿ ಮುಗಿದ ಮೇಲೆ ಮಕ್ಕಳನ್ನು ಬೇಸ್‌ಮೆಂಟಿಗೆ ಕರೆದೊಯ್ಯುತ್ತಿದ್ದರು. ಊರಿನ ಧಾನ್ಯದ ಗೋದಾಮನ್ನು ರಟ್ಟಿನಲ್ಲಿ ಕಟ್ಟಿದ್ದರು, ಗೋಡೆಯ ತುಕ್ಕಿನ ಕಲೆ ಸಮೇತ. ವೇಗದ ಗುಂಡಿ ಮಕ್ಕಳ ಕೈಗೇ ಕೊಡುತ್ತಿದ್ದರು. ರೈಲು ಹಳಿ ತಪ್ಪಿದರೆ ಗದರುತ್ತಿರಲಿಲ್ಲ, ಪಕ್ಕದಲ್ಲಿ ಕೂತು ಚಕ್ರ ಕೂರಿಸುವುದನ್ನು ಕಲಿಸುತ್ತಿದ್ದರು. ಅಂಥವರ ಎಂಜಿನ್ ಗಾಜಿನೊಳಗೆ ಕೂರಬಾರದು, ಅಲ್ವಾ?

ಬಹಳ ಕಾಲ ನಿಂತ ಎಂಜಿನ್‌ನಲ್ಲಿ ಎಣ್ಣೆ ಗಟ್ಟಿಯಾಗಿರುತ್ತದೆ. ಅದನ್ನು ಒರೆಸಿ, ಪ್ಲಾಸ್ಟಿಕ್‌ಗೆ ಒಗ್ಗುವ ತೆಳು ಎಣ್ಣೆ ಒಂದು ಹನಿ ಬಿಡಿ, ಜಾಸ್ತಿ ಬೇಡ. ಕರೆಂಟ್ ಹಳಿಯಿಂದಲೇ ಚಕ್ರಕ್ಕೆ ಹೋಗುವುದರಿಂದ ಎರಡನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಹಳೆಯ ಎಂಜಿನ್‌ಗಳು ಸಾಮಾನ್ಯವಾಗಿ 12 ವೋಲ್ಟ್ ಡಿಸಿಯವು. ಡಿಜಿಟಲ್ ಹಳಿಯ, ಅಂದರೆ ಹಳಿಯಲ್ಲೇ ಸಂಕೇತ ಕಳಿಸಿ ಎಂಜಿನ್ ನಡೆಸುವ ವ್ಯವಸ್ಥೆಯ, ಮೇಲೆ ನಿಲ್ಲಿಸಿದರೆ ಮೋಟಾರ್ ಸುಟ್ಟೀತು.

ಉಳಿದ ರೈಲುಗಳನ್ನು ಅವರ ಪತ್ನಿ ಅವಸರದಲ್ಲಿ ಮಾರದಿರಲಿ. 1935ರಲ್ಲಿ ಮಿಲ್ವಾಕಿಯಲ್ಲಿ ಹುಟ್ಟಿದ, ಮಾಡೆಲ್ ರೈಲು ಹವ್ಯಾಸಿಗಳ ಸಂಘವಾದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್‌ನ ಸದಸ್ಯರನ್ನು ಮೊದಲು ವಿಚಾರಿಸಲಿ. ಹಳಿ ಕೀಳುವ ಮುನ್ನ ನೀವೇ ಹೋಗಿ ಎಲ್ಲದರ ಫೋಟೊ ತೆಗೆದುಕೊಡಿ.