ಜೆಲ್ ಇಟ್ಟ ನಾಲ್ಕನೇ ರಾತ್ರಿ ನಾನು ಮಾಡಿದ ಘನಕಾರ್ಯ

ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು ಅಂತ ವರ್ಷಕ್ಕೆ ಮೂರು ಸಲ ಮನೆಗೆಲ್ಲ ಸ್ಪ್ರೇ ಹೊಡೆಸಿದರೆ ಹುಳುಹುಪ್ಪಟೆ ಕಾಟ ತಪ್ಪುತ್ತಾ, ಹೊಡೆಸೋದಾದರೆ ಯಾವ ಸ್ಪ್ರೇ ಒಳ್ಳೇದು ಅಂತ ಕೇಳಿದ್ದೀರಿ. ಓದಿ ನಗು ಬಂತು. ನಿಮ್ಮನ್ನು ನೋಡಿ ಅಲ್ಲ. ಆರು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕಿ, ಕ್ಯಾಲೆಂಡರಿನಲ್ಲಿ ಮೂರು ತಾರೀಕಿಗೆ ಕೆಂಪು ಸುತ್ತು ಹಾಕಿಟ್ಟಿದ್ದೆ.

ಮಳೆ ಹಿಡಿದು ಎರಡು ವಾರ ಆಗಿತ್ತು. ರಾತ್ರಿ ನೀರು ಕುಡಿಯೋಕೆ ಎದ್ದವನು ಅಡುಗೆಮನೆ ದೀಪ ಹಾಕಿದೆ. ಸಿಂಕ್ ಪಕ್ಕ ಐದಾರು ಜಿರಳೆ ದಿಕ್ಕಾಪಾಲಾಗಿ ಓಡಿದವು. ಮೋರಿಯಿಂದ ಬರೋ ದೊಡ್ಡ ಕೆಂಪು ಜಿರಳೆ ಅಲ್ಲ. ಸಣ್ಣವು, ಉಗುರಿನಷ್ಟು ಉದ್ದ, ತಿಳಿ ಕಂದು ಬಣ್ಣ, ತಲೆಯ ಹಿಂದೆ ಎರಡು ಕಪ್ಪು ಗೆರೆ. ಇದನ್ನು ಜರ್ಮನ್ ಜಿರಳೆ ಅಂತಾರೆ ಅನ್ನೋದು ಆಮೇಲೆ ಗೊತ್ತಾಯಿತು. ಮಳೆಗೆ ಹೆದರಿ ಹೊರಗಿನಿಂದ ಓಡಿ ಬರೋ ಜಾತಿಯಲ್ಲ ಇದು. ಮನೆಯೊಳಗೇ ಹುಟ್ಟಿ, ಮನೆಯೊಳಗೇ ಬೆಳೆದು, ಅಲ್ಲೇ ಸಂಸಾರ ಮಾಡುತ್ತೆ. ನಮ್ಮನೆಗೆ ಬಂದಿದ್ದು ಬಹುಶಃ ಯಾವುದೋ ಹಳೇ ರಟ್ಟಿನ ಪೆಟ್ಟಿಗೆಯ ಜೊತೆ. ಮಳೆಗಾಲಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ, ಆದರೆ ನಾನು ಮಳೆಯನ್ನೇ ಬೈದೆ.

ಔಷಧ ಇಡೋ ಹುಡುಗನೊಬ್ಬನನ್ನು ಕರೆಸಿದೆವು. ಸ್ಪ್ರೇ ಹೊಡೀತಾನೆ ಅಂತ ಪಾತ್ರೆ ಪಡಗ ಎಲ್ಲಾ ಮುಚ್ಚಿಟ್ಟು ಕಾದಿದ್ದರೆ, ಅವನು ಜೇಬಿನಿಂದ ತೆಗೆದದ್ದು ಒಂದು ಸಿರಿಂಜು. ಕಪಾಟಿನ ಬಾಗಿಲಿನ ಕೀಲು, ಫ್ರಿಜ್ಜಿನ ಹಿಂದೆ ಮೋಟಾರ್ ಪಕ್ಕ, ಸಿಂಕ್ ಕೆಳಗೆ ಪೈಪು ಗೋಡೆಯೊಳಗೆ ಹೋಗೋ ಜಾಗ, ಇಲ್ಲೆಲ್ಲ ಸಾಸಿವೆಗಿಂತ ಚೂರು ದೊಡ್ಡ ಜೆಲ್ ಚುಕ್ಕೆ ಇಡುತ್ತಾ ಹೋದ. ಒಟ್ಟು ನಲವತ್ತು ಚುಕ್ಕೆ ಇರಬಹುದು. ಇಷ್ಟಕ್ಕಾ ಇವನನ್ನು ಕರೆಸಿದ್ದು ಅನ್ನಿಸಿತು. ಹೋಗುವಾಗ ಎರಡೇ ಮಾತು ಹೇಳಿದ. "ಎರಡು ವಾರ ಇದನ್ನ ಒರೆಸಬೇಡಿ ಸಾರ್. ಏನೇ ಆದ್ರೂ ಸ್ಪ್ರೇ ಮಾತ್ರ ಮುಟ್ಟಬೇಡಿ."

ನಾಲ್ಕನೇ ದಿನ ಮಟಮಟ ಮಧ್ಯಾಹ್ನ ಜಿರಳೆಗಳು ಅಡುಗೆ ಕಟ್ಟೆ ಮೇಲೆ ಬಂದವು. ಓಡುತ್ತಲೂ ಇರಲಿಲ್ಲ, ತೂರಾಡುತ್ತಿದ್ದವು. ನೆಲದ ಮೇಲೆ ನಾಲ್ಕು ಅಂಗಾತ ಬಿದ್ದಿದ್ದವು. ಮೊದಲು ರಾತ್ರಿ ಮಾತ್ರ ಕಾಣುತ್ತಿದ್ದದ್ದು ಈಗ ಹಗಲೂ ಶುರುವಾಯಿತಲ್ಲ ಅಂತ ನನ್ನ ಜೀವ ಹಾರಿಹೋಯಿತು. ಮಾರನೇ ದಿನ ಅತ್ತೆ ಮಾವ ಬರೋರಿದ್ದರು. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಟ್ಟದ ಮೇಲಿದ್ದ ಸ್ಪ್ರೇ ಡಬ್ಬಿ ಇಳಿಸಿದೆ. ಪೂರ್ತಿ ಖಾಲಿ ಮಾಡಿದೆ. ಕಪಾಟಿನೊಳಗೆ, ಫ್ರಿಜ್ಜಿನ ಹಿಂದೆ, ಪೈಪಿನ ಸಂದಿಗೆ, ಒಂದು ಮೂಲೆಯನ್ನೂ ಬಿಡಲಿಲ್ಲ.

ಈ ತಪ್ಪನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ. ಬೇಜಾರಾದರೂ ಓದಿ, ಯಾಕೆಂದರೆ ನೀವು ಮಾಡಹೊರಟಿರೋದೂ ಇದರ ತಮ್ಮನನ್ನೇ.

ಜೆಲ್ ಅಂದರೆ ವಿಷ ಬೆರೆಸಿದ ತಿಂಡಿ. ತಿಂದ ಜಿರಳೆ ಅಲ್ಲೇ ಸಾಯಬಾರದು, ಅದೇ ಅದರ ಗುಟ್ಟು. ಗೂಡಿಗೆ ವಾಪಸ್ ಹೋಗಬೇಕು. ಅಲ್ಲಿ ಅದು ಹಾಕೋ ಹಿಕ್ಕೆಯನ್ನು, ಸತ್ತ ಮೇಲೆ ಅದರ ಹೆಣವನ್ನು ಸಂದಿಯಿಂದ ಹೊರಗೇ ಬಾರದ ಮರಿಗಳು ತಿನ್ನುತ್ತವೆ. ಹಾಗೆ ಅವೂ ಸಾಯುತ್ತವೆ. ನಾನು ಹಗಲಲ್ಲಿ ಕಂಡ ತೂರಾಟ ಔಷಧ ಹತ್ತಿದ ಲಕ್ಷಣ. ಕೆಲಸ ಆಗುತ್ತಿತ್ತು. ನಾನು ಕೆಟ್ಟಿತು ಅಂದುಕೊಂಡೆ.

ಸ್ಪ್ರೇ ಬಿದ್ದ ಕೂಡಲೇ ನಲವತ್ತು ಚುಕ್ಕೆಯೂ ದಂಡ. ಸ್ಪ್ರೇ ತಾಗಿದ ತಿಂಡಿಯನ್ನು ಜಿರಳೆ ಮೂಸೋದಿಲ್ಲ. ಎರಡನೆಯದು, ಮೈಮೇಲೆ ನೇರ ಬಿದ್ದವು ಸತ್ತವು, ಉಳಿದವು ಘಾಟಿಗೆ ಜಾಗ ಬಿಟ್ಟವು. ಎಲ್ಲಿಗೆ ಹೋಗುತ್ತವೆ? ಪೈಪಿನ ತೂತು, ವೈರು ಹೋಗೋ ಕೊಳವೆ, ಚೌಕಟ್ಟಿನ ಬಿರುಕು ಹಿಡಿದು ಬೇರೆ ಕೋಣೆಗೆ. ಮೂರನೆಯದು, ಈ ಜಾತಿಯ ಹೆಣ್ಣು ಮೊಟ್ಟೆಚೀಲವನ್ನು ಮರಿ ಒಡೆಯೋ ಹೊತ್ತಿನ ತನಕ ಬಾಲಕ್ಕೆ ಕಚ್ಚಿಸಿಕೊಂಡೇ ತಿರುಗುತ್ತೆ. ಒಂದು ಚೀಲದಲ್ಲಿ 30ರಿಂದ 40 ಮೊಟ್ಟೆ. ಆ ಚೀಲದ ಗೋಡೆ ದಾಟಿ ಒಳಗಿನ ಮರಿಗೆ ಸ್ಪ್ರೇ ಅಷ್ಟಾಗಿ ತಗಲೋದಿಲ್ಲ. ಸಾಲದ್ದಕ್ಕೆ, ಅಂಗಡಿ ಡಬ್ಬಿಗಳಲ್ಲಿರೋ ಪೈರೆಥ್ರಾಯ್ಡ್ ಔಷಧಗಳಿಗೆ ಈ ಜಿರಳೆ ಎಷ್ಟೋ ಕಡೆ ಒಗ್ಗಿಹೋಗಿದೆ. ಅಂದರೆ ನಾನು ಕೊಂದಿದ್ದು ಕಣ್ಣಿಗೆ ಕಂಡ ಇಪ್ಪತ್ತನ್ನ. ಉಳಿದವಕ್ಕೆ ಮನೆ ತುಂಬಾ ಸೈಟು ಹಂಚಿದ್ದೆ.

ಅತ್ತೆ ಮಾವ ಇದ್ದ ಎರಡು ದಿನ ಒಂದೂ ಕಾಣಲಿಲ್ಲ. ಗೆದ್ದೆ ಅಂತ ಬೀಗಿದೆ. ಮೂರನೇ ದಿನ ಮಲಗೋ ಕೋಣೆಯ ಗಡಿಯಾರದ ಹಿಂದಿನಿಂದ ಒಂದು ಇಳಿಯಿತು. ಒಂದೂವರೆ ತಿಂಗಳಲ್ಲಿ ಸ್ವಿಚ್ ಬೋರ್ಡಿನಲ್ಲಿ, ಪುಸ್ತಕದ ಕಪಾಟಿನಲ್ಲಿ, ಎಲ್ಲೆಲ್ಲೂ ಮರಿಗಳು. ಅದೇ ಹುಡುಗನನ್ನು ಮತ್ತೆ ಕರೆದೆ. ಒಳಗೆ ಬಂದು ಸುತ್ತ ನೋಡಿ, "ಸ್ಪ್ರೇ ಹೊಡೆದ್ರಾ ಸಾರ್?" ಅಂದ. "ಸ್ವಲ್ಪ" ಅಂದೆ. ಅವನು ಏನೂ ಅನ್ನಲಿಲ್ಲ, ಸುಮ್ನೆ ಕಪಾಟನ್ನೆಲ್ಲ ಸೋಪುನೀರಿನಲ್ಲಿ ತೊಳೆಯೋಕೆ ಹೇಳಿ ಹೋದ. ಆಮೇಲೆ ನಾಲ್ಕು ಸಲ ಜೆಲ್ ಇಡಬೇಕಾಯಿತು. ಒಂದು ಪ್ಲೈವುಡ್ ಕಪಾಟು ಬಿಸಾಡಿದೆವು. ಪೂರ್ತಿ ನಿಂತಾಗ ಚಳಿಗಾಲ ಮುಗಿದಿತ್ತು.

ಈಗ ನಿಮ್ಮ ಪ್ರಶ್ನೆ. ಯಾವ ಸ್ಪ್ರೇ ಅಂತ ನಾನು ಹೇಳೋದಿಲ್ಲ. ಕಾಲಕ್ಕೊಂದು ಸ್ಪ್ರೇ ಅನ್ನೋ ಲೆಕ್ಕವೇ ತಪ್ಪು. ಹುಳಕ್ಕೆ ಬೇಕಿರೋದು ನೀರು, ಸಂದಿ, ಒಂದಿಷ್ಟು ಎಂಜಲು. ಕಾಲ ಬದಲಾದಾಗ ಬದಲಾಗೋದು ಅವು ಮನೆಯಲ್ಲಿ ಎಲ್ಲಿ ಸಿಗುತ್ತವೆ ಅನ್ನೋದು ಅಷ್ಟೇ. ಅದನ್ನು ಹಿಂಬಾಲಿಸಿ.

ಬೇಸಿಗೆಯಲ್ಲಿ ದೊಡ್ಡ ಕೆಂಪು ಜಿರಳೆ ಜಾಸ್ತಿ ಅಂತ ಎಲ್ಲರೂ ದೂರುತ್ತಾರೆ. ಬಳಸದ ಬಚ್ಚಲು ಒಂದಿದ್ದರೆ ಮೊದಲು ಅಲ್ಲಿ ನೋಡಿ. ನೆಲದ ಜಾಲರಿ ಕೆಳಗೆ ಪೈಪು ಬಾಗಿರುತ್ತೆ, ಆ ಬಾಗಿನಲ್ಲಿ ನಿಂತ ನೀರೇ ಮೋರಿಗೂ ನಿಮಗೂ ನಡುವಿನ ಬಾಗಿಲು. ಸೆಕೆಗೆ ಅದು ಆರಿಹೋದರೆ ಬಾಗಿಲು ತೆರೆದ ಹಾಗೆ. ನಾನು ಪ್ರತಿ ಭಾನುವಾರ ಅಲ್ಲಿಗೆ ಒಂದು ಚೊಂಬು ನೀರು ಹಾಕುತ್ತೇನೆ. ಇಷ್ಟೇ ಔಷಧ. ಇದನ್ನು ಯಾರೂ ಮಾರೋದಿಲ್ಲ, ಅದಕ್ಕೇ ಯಾರೂ ಹೇಳೋದೂ ಇಲ್ಲ.

ಇರುವೆ ಸಾಲಿಗೂ ಸ್ಪ್ರೇ ಹೊಡೀಬೇಡಿ. ಕೆಲವು ಸಣ್ಣ ಇರುವೆ ಜಾತಿಯಲ್ಲಿ ಒಂದು ಗೂಡಿಗೆ ಹಲವು ರಾಣಿ. ಗಾಬರಿ ಮಾಡಿದರೆ ಒಂದು ಗೂಡು ಮೂರಾಗುತ್ತೆ. ಸಕ್ಕರೆ ನೀರಿಗೆ ಬೋರಾಕ್ಸ್, ಅಂದರೆ ಬಿಳಿಗಾರ, ಶೇಕಡಾ 1ರಷ್ಟು ಸೇರಿಸಿ, ಹತ್ತಿ ಅದ್ದಿ, ಸಾಲಿನ ಪಕ್ಕ ಇಡಿ. ಜಾಸ್ತಿ ಹಾಕಿದರೆ ಹೊತ್ತೊಯ್ಯೋ ಇರುವೆ ದಾರಿಯಲ್ಲೇ ಸಾಯುತ್ತೆ, ರಾಣಿಗೆ ಮುಟ್ಟೋದಿಲ್ಲ. ಮೊದಲ ದಿನ ಸಾಲು ದಪ್ಪ ಆಗುತ್ತೆ. ನನ್ನ ಹಾಗೆ ಗಾಬರಿ ಬೀಳಬೇಡಿ. ಮಕ್ಕಳ ಕೈಗೆ, ಸಾಕುಪ್ರಾಣಿ ಬಾಯಿಗೆ ಎಟುಕದ ಜಾಗ ಆಗಿರಲಿ.

ಮಳೆಗಾಲದ್ದು ಎಲ್ಲರಿಗೂ ಗೊತ್ತು, ನಿಂತ ನೀರು ಚೆಲ್ಲಿ ಅಂತ. ಗೊತ್ತಿಲ್ಲದ್ದು ಉಜ್ಜಬೇಕು ಅನ್ನೋದು. ಡೆಂಗಿ ಹರಡೋ ಸೊಳ್ಳೆ ಮೊಟ್ಟೆ ಇಡೋದು ನೀರಿನ ಅಂಚಿಗಿಂತ ಚೂರು ಮೇಲೆ, ಪಾತ್ರೆಯ ಗೋಡೆಗೆ. ಆ ಮೊಟ್ಟೆ ಒಣಗಿಕೊಂಡೇ ತಿಂಗಳುಗಟ್ಟಲೆ ಬದುಕಿರುತ್ತೆ, ಮತ್ತೆ ನೀರು ತಾಗಿದಾಗ ಒಡೆಯುತ್ತೆ. ಸೊಳ್ಳೆಯಾಗೋಕೆ ಒಂದು ವಾರ, ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ಚೆಲ್ಲಿ, ಬ್ರಷ್ ಹಿಡಿದು ತಿಕ್ಕಿ. ಫ್ರಿಜ್ಜಿನ ಹಿಂದೆ ಕೆಳಗೆ ನೀರು ಬೀಳೋ ತಟ್ಟೆ ಇರುತ್ತೆ ನೋಡಿ, ಅದನ್ನೂ.

ಮೊದಲ ಮಳೆಗೆ ದೀಪ ಸುತ್ತೋ ರೆಕ್ಕೆಹುಳ ಕಂಡು ಗೆದ್ದಲು ಬಂತು ಅಂತ ಕೂಗಾಡಬೇಡಿ. ಹೊರಗಿನಿಂದ ಬಂದವು ಹೆಚ್ಚಿನಂಶ ರೆಕ್ಕೆ ಉದುರಿಸಿ ಸಾಯುತ್ತವೆ. ಆದರೆ ಕಿಟಕಿ ಮುಚ್ಚಿದ್ದರೂ ಒಳಗೇ ರೆಕ್ಕೆ ರಾಶಿ ಬಿದ್ದಿದ್ದರೆ, ಗೋಡೆ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಎದ್ದಿದ್ದರೆ, ಅದು ನೀವೂ ನಾನೂ ಮಾಡೋ ಕೆಲಸವಲ್ಲ. ಬಲ್ಲವರನ್ನು ಕರೆಸಿ. ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಅಲ್ಲಿ ಮಾಡಿ.

ಚಳಿಗೆ ಇಲಿ. ಸುಂಡಿಲಿ ನುಗ್ಗೋಕೆ ಪೆನ್ಸಿಲ್ ತೂರೋ ತೂತು ಸಾಕು, ಸುಮಾರು 6 ಮಿಲಿಮೀಟರ್. ಚಳಿ ಬೀಳೋ ಮೊದಲೇ ಮನೆ ಸುತ್ತ ಒಂದು ಪೆನ್ಸಿಲ್ ಹಿಡಿದು ತಿರುಗಿ. ತೂರಿದ ಕಡೆಗೆಲ್ಲ ಪಾತ್ರೆ ತಿಕ್ಕೋ ಸ್ಟೀಲ್ ನಾರು ತುರುಕಿ, ಮೇಲೆ ಸಿಮೆಂಟು ಮೆತ್ತಿ. ಬಟ್ಟೆ, ಫೋಮು ತುಂಬಿದರೆ ಕಡಿದು ಬರುತ್ತವೆ. ಇಲಿ ಪಾಷಾಣ ಮಾತ್ರ ನನಗೆ ಬೇಡವೇ ಬೇಡ. ತಿಂದ ಇಲಿ ಕೈಗೆ ಸಿಗದ ಸಂದಿಯಲ್ಲಿ ಸತ್ತರೆ ಆ ವಾಸನೆಯ ಜೊತೆ ವಾರಗಟ್ಟಲೆ ಸಂಸಾರ ಮಾಡಬೇಕು.

ಸ್ಪ್ರೇ ಹೊಡೆಸೋಕೆ ಮುಂಗಡ ಕೊಟ್ಟಿಲ್ಲ ತಾನೇ? ಇವತ್ತು ರಾತ್ರಿ ದೀಪ ಆರಿಸಿ ಒಂದು ಗಂಟೆ ಬಿಟ್ಟು ಟಾರ್ಚ್ ಹಿಡಿದು ಅಡುಗೆಮನೆಗೆ ಹೋಗಿ. ಸಣ್ಣವೋ ದೊಡ್ಡವೋ, ಎಲ್ಲಿಂದ ಎಲ್ಲಿಗೆ ಓಡುತ್ತವೆ ನೋಡಿ. ನಾಲ್ಕು ಅಂಟು ಹಲಗೆ ತಂದು ಸಿಂಕ್ ಕೆಳಗೆ, ಫ್ರಿಜ್ಜಿನ ಹಿಂದೆ, ಬಚ್ಚಲಿನಲ್ಲಿ, ಕಸದ ಡಬ್ಬಿ ಪಕ್ಕ ಇಟ್ಟು ವಾರವಾರ ಎಣಿಸಿ. ಯಾವ ಹಲಗೆ ತುಂಬುತ್ತೋ ಅದರ ಹತ್ತಿರವೇ ಗೂಡು. ನಾನು ಈಗಲೂ ಇಡುತ್ತೇನೆ. ಕಳೆದ ತಿಂಗಳು ಸಿಂಕ್ ಕೆಳಗಿನದರಲ್ಲಿ ಸಿಕ್ಕಿದ್ದು ಒಂದು ಜೇಡ, ಮೂರು ಇರುವೆ, ಮತ್ತೆ ಒಂದು ಹಲ್ಲಿಮರಿ. ಹಲ್ಲಿಮರಿಯ ಕಾಲಿಗೆ ಅಡುಗೆ ಎಣ್ಣೆ ಹಚ್ಚಿ, ಮೆಲ್ಲಗೆ ಬಿಡಿಸಿ, ಅಂಗಳಕ್ಕೆ ಬಿಟ್ಟು ಬಂದೆ.