ಬ್ರಷ್ ಕಟರ್ ದಾರ ಬಿಡುತ್ತಿಲ್ಲವೇ? ಹೆಡ್ ಬದಲಿಸುವ ಮೊದಲು ಇದನ್ನು ನೋಡಿ

ಪ್ರಶ್ನೆ: ನಮ್ಮದು ಗುಬ್ಬಿ ತಾಲ್ಲೂಕು. ಅಡಿಕೆ, ತೆಂಗಿನ ತೋಟದಲ್ಲಿ ಹುಲ್ಲು ಹೊಡೆಯಲು ಪೆಟ್ರೋಲ್ ಬ್ರಷ್ ಕಟರ್ ಇದೆ. ಎಂಜಿನ್ ಚೆನ್ನಾಗಿದೆ. ಆದರೆ ನೈಲಾನ್ ದಾರ ಸವೆದ ಮೇಲೆ ಹೆಡ್ಡನ್ನು ನೆಲಕ್ಕೆ ಎಷ್ಟು ತಟ್ಟಿದರೂ ಹೊಸ ದಾರ ಹೊರಗೆ ಬರುವುದಿಲ್ಲ. ಪ್ರತಿ ಸಲವೂ ಬಿಚ್ಚಿ ಕೈಯಲ್ಲಿ ಎಳೆಯಬೇಕು. ಅಂಗಡಿಯವರು ಹೆಡ್ಡನ್ನೇ ಬದಲಿಸಿ ಎನ್ನುತ್ತಾರೆ. ಬದಲಿಸಲೇಬೇಕೇ?

ಉತ್ತರ: ಈಗಲೇ ಹೊಸ ಹೆಡ್ಡಿಗೆ ದುಡ್ಡು ಹಾಕಬೇಡಿ. ಹೆಚ್ಚಿನ ಸಲ ಹೆಡ್ ಕೆಟ್ಟಿರುವುದಿಲ್ಲ, ಒಳಗೆ ದಾರ ಸುತ್ತಿರುವುದು ಸರಿಯಿರುವುದಿಲ್ಲ.

ಮೊದಲು ಅದು ಕೆಲಸ ಮಾಡುವ ಬಗೆ ತಿಳಿದಿರಲಿ. ಹೆಡ್ಡಿನೊಳಗೆ ದಾರ ಸುತ್ತಿದ ಸ್ಪೂಲ್ ಇದೆ, ಅದನ್ನು ಒಂದು ಸ್ಪ್ರಿಂಗ್ ಕೆಳಕ್ಕೆ ಒತ್ತಿ ಹಿಡಿದಿರುತ್ತದೆ. ತಳದ ಬಟನ್ ನೆಲಕ್ಕೆ ತಾಗಿದಾಗ ಸ್ಪೂಲ್ ಮೇಲಕ್ಕೆ ಸರಿದು, ಹಲ್ಲಿನ ಹಿಡಿತ ತಪ್ಪಿ, ಒಂದಿಷ್ಟು ತಿರುಗುತ್ತದೆ. ಆಗ ದಾರವನ್ನು ಹೊರಗೆಳೆಯುವುದು ಸ್ಪ್ರಿಂಗ್ ಅಲ್ಲ, ಗಿರಗಿರ ತಿರುಗುತ್ತಿರುವ ದಾರದ ತುದಿಯೇ. ಆದ್ದರಿಂದ ಹೊರಗೆ ಉಳಿದಿರುವ ತುದಿ ಗಿಡ್ಡವಾದಷ್ಟೂ ಎಳೆಯುವ ಬಲ ಕಡಿಮೆ. ಎರಡು ಇಂಚಿಗಿಂತ ಕಡಿಮೆ ಉಳಿದಿದ್ದರೆ ಎಷ್ಟು ಕುಟ್ಟಿದರೂ ಬರುವುದು ಕಷ್ಟ. ಪೂರ್ತಿ ಸವೆಯುವವರೆಗೆ ಕಾಯದೆ, ನಾಲ್ಕು ಇಂಚು ಇರುವಾಗಲೇ ತಟ್ಟಿ.

ಈಗ ಒಂದು ಪರೀಕ್ಷೆ. ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ ಕ್ಯಾಪ್ ಕಿತ್ತಿಡಿ. ಇದನ್ನು ಮಾಡದೆ ಹೆಡ್ಡಿಗೆ ಕೈ ಹಾಕಲೇಬೇಡಿ. ಬಟನ್ನನ್ನು ಬೆರಳಿನಿಂದ ಒತ್ತಿ ಹಿಡಿದು ಎರಡೂ ಬದಿಯ ದಾರವನ್ನು ಒಟ್ಟಿಗೆ ಎಳೆಯಿರಿ. ಸಲೀಸಾಗಿ ಬಂದರೆ ಹೆಡ್ ಸರಿಯಿದೆ, ತಪ್ಪು ತಟ್ಟುವುದರಲ್ಲಿದೆ. ರೇಸ್ ಕಡಿಮೆ ಇರುವಾಗ ತಟ್ಟಿದರೆ ದಾರ ಬರುವುದಿಲ್ಲ. ರೇಸ್ ಜೋರಾಗಿ ಕೊಟ್ಟು, ಗಟ್ಟಿ ಗರಸಿನ ಮೇಲಲ್ಲದೆ ಮಣ್ಣಿನ ನೆಲದಲ್ಲಿ ಒಂದೇ ಏಟು ಮೆತ್ತಗೆ ತಟ್ಟಿ ಎತ್ತಬೇಕು. ಗಾರ್ಡ್ ಕಳಚಿಟ್ಟು ಓಡಿಸುವವರಿಗೂ ಇದೇ ತೊಂದರೆ: ಗಾರ್ಡಿನ ಸಣ್ಣ ಬ್ಲೇಡ್ ಇಲ್ಲದೆ ದಾರ ಉದ್ದವಾಗಿ ಉಳಿಯುತ್ತದೆ, ಎಂಜಿನ್ನಿಗೆ ಭಾರ ಬಿದ್ದು ವೇಗ ಇಳಿಯುತ್ತದೆ, ಕ್ಲಚ್ ಬಿಸಿಯಾಗುತ್ತದೆ. ಗಾರ್ಡನ್ನು ಮತ್ತೆ ಹಾಕಿ.

ಕೈಯಲ್ಲಿ ಎಳೆದರೂ ಬರದಿದ್ದರೆ, ಅಥವಾ ಒಂದು ಬದಿ ಮಾತ್ರ ಬಂದರೆ, ಹೆಡ್ ಬಿಚ್ಚಬೇಕು. ಗೋಣಿಚೀಲದ ಮೇಲೆ ಕೂತು ಬಿಚ್ಚಿ, ಸ್ಪ್ರಿಂಗ್ ಹಾರಿ ಹುಲ್ಲಿಗೆ ಬಿದ್ದರೆ ಸಿಗುವುದಿಲ್ಲ. ಪಕ್ಕದ ಎರಡು ಕಿವಿಗಳನ್ನು ಒತ್ತಿ, ಮುಚ್ಚಳವನ್ನು ಕೈಯಿಂದ ಅದುಮಿ ಹಿಡಿದು ನಿಧಾನಕ್ಕೆ ಎತ್ತಿ. ಇಡೀ ಹೆಡ್ಡನ್ನೇ ತೆಗೆಯುವುದಿದ್ದರೆ ಗೇರ್ ಬಾಕ್ಸಿನ ತೂತಿಗೆ ಅಲೆನ್ ಕೀ ಇಟ್ಟು ಶಾಫ್ಟ್ ತಿರುಗದಂತೆ ಮಾಡಿ. ಹೆಚ್ಚಿನ ಬ್ರಷ್ ಕಟರ್‌ಗಳಲ್ಲಿ ಇಲ್ಲಿರುವುದು ಉಲ್ಟಾ ಥ್ರೆಡ್: ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲ, ಎದುರು ದಿಕ್ಕಿಗೆ ತಿರುಗಿಸಿದರೆ ಬಿಗಿ. ಇದು ಗೊತ್ತಿಲ್ಲದೆ ಬಲ ಹಾಕಿ ಥ್ರೆಡ್ ಹಾಳುಮಾಡಿಕೊಳ್ಳುವವರಿದ್ದಾರೆ.

ಒಳಗೆ ಕಾಣುವುದು ಸಾಮಾನ್ಯವಾಗಿ ಮೂರರಲ್ಲಿ ಒಂದು. ಸುತ್ತು ಸಡಿಲವಾಗಿ, ಮೇಲಿನ ಎಳೆ ಕೆಳಗಿನ ಎಳೆಗಳ ನಡುವೆ ಹೂತುಕೊಂಡಿರಬಹುದು. ಎಳೆಗಳು ಒಂದಕ್ಕೊಂದು ಉಜ್ಜಿ, ಬಿಸಿಗೆ ಕರಗಿ ಅಂಟಿಕೊಂಡಿರಬಹುದು. ಸಡಿಲ ಸುತ್ತಿನಲ್ಲಿ, ತುಂಬ ಹೊತ್ತು ಬಿಡುವಿಲ್ಲದೆ ಓಡಿಸಿದಾಗ, ಕಲ್ಲು ಮರಕ್ಕೆ ಬಡಿಸಿದಾಗ ಹೀಗಾಗುತ್ತದೆ. ಇಲ್ಲವೇ ದಾರ ಹೊರಬರುವ ಕಣ್ಣಿನ ಬಳಿಯೇ ತುಂಡಾಗಿ, ತುದಿ ಒಳಗೆ ಸೇರಿಕೊಂಡಿರಬಹುದು. ಅಂಟಿದ ದಾರವನ್ನು ಬಿಡಿಸಿ ಮತ್ತೆ ಬಳಸಬೇಡಿ, ಅದು ಅಲ್ಲೇ ಮತ್ತೆ ಕಿತ್ತುಹೋಗುತ್ತದೆ. ಜೊತೆಗೆ ಸ್ಪೂಲಿನ ಸುತ್ತ ಹಸಿ ಹುಲ್ಲಿನ ಪೇಸ್ಟು, ತೆಂಗಿನ ನಾರು, ಮಣ್ಣು ತುಂಬಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ನೀರಲ್ಲಿ ತೊಳೆದು ಒಣಗಿಸಿ. ಎಣ್ಣೆ, ಗ್ರೀಸ್ ಹಚ್ಚಬೇಡಿ, ಧೂಳು ಹಿಡಿದು ಇನ್ನೂ ಜಾಮ್ ಆಗುತ್ತದೆ.

ಸುತ್ತುವುದೇ ಮುಖ್ಯ ಕೆಲಸ, ಅವಸರ ಬೇಡ. ಸಾಮಾನ್ಯ ಹೆಡ್ಡಿಗೆ 2.4 ಮಿ.ಮೀ. ದಾರ ಸುಮಾರು 5 ಮೀಟರ್ ಹಿಡಿಯುತ್ತದೆ. ನಿಮ್ಮ ಮಷೀನಿನ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ದಾರವನ್ನು ಮಧ್ಯಕ್ಕೆ ಮಡಚಿ, ಮಡಿಕೆಯನ್ನು ಸ್ಪೂಲಿನ ನಡುವಿನ ಸೀಳಿಗೆ ಸಿಕ್ಕಿಸಿ. ಸ್ಪೂಲಿನ ಮೇಲೆ ಬಾಣದ ಗುರುತು ಇದೆ, ಅದೇ ದಿಕ್ಕಿಗೆ ಸುತ್ತಿ. ಉಲ್ಟಾ ಸುತ್ತಿದರೆ ತಟ್ಟಿದಾಗ ದಾರ ಬಿಚ್ಚಿಕೊಳ್ಳುವುದಿಲ್ಲ. ಎರಡು ಎಳೆ ಸ್ಪೂಲಿನ ಎರಡು ಖಾನೆಗಳಲ್ಲಿ, ಒಂದರ ಮೇಲೊಂದು ದಾಟದಂತೆ, ಪಕ್ಕಪಕ್ಕಕ್ಕೆ, ಎಳೆದು ಬಿಗಿಯಾಗಿ ಕೂರಬೇಕು. ಸ್ಪೂಲಿನ ಅಂಚಿಗಿಂತ ಅರ್ಧ ಸೆಂ.ಮೀ. ಕೆಳಗೇ ನಿಲ್ಲಿಸಿ, ತುಂಬಿ ತುಳುಕಿದರೆ ಗೋಡೆಗೆ ಉಜ್ಜಿ ಸ್ಪೂಲ್ ತಿರುಗುವುದೇ ಇಲ್ಲ. ಎರಡೂ ತುದಿಯನ್ನು ಆರು ಇಂಚು ಬಿಟ್ಟು ಎದುರುಬದುರು ಕಚ್ಚುಗಳಿಗೆ ಸಿಕ್ಕಿಸಿ, ಕಣ್ಣುಗಳಿಂದ ಹೊರತೆಗೆದು, ಸ್ಪ್ರಿಂಗ್ ಕೂರಿಸಿ, ಮುಚ್ಚಳ 'ಟಕ್' ಎನ್ನುವವರೆಗೆ ಒತ್ತಿ. ಆಮೇಲೆ ತುದಿಗಳನ್ನು ಜಗ್ಗಿ ಕಚ್ಚಿನಿಂದ ಬಿಡಿಸುವುದನ್ನು ಮರೆಯಬೇಡಿ. ಎಲ್ಲ ಸರಿಯಾಗಿ ಮಾಡಿಯೂ ದಾರ ಬರದಿರುವುದು ಎಷ್ಟೋ ಸಲ ಇದೊಂದನ್ನು ಮರೆತದ್ದಕ್ಕೇ.

ದಾರದ ದಪ್ಪ ಹೆಡ್ಡಿನ ಕಣ್ಣಿಗೆ ಹೊಂದಬೇಕು. 2.4ರ ಹೆಡ್ಡಿಗೆ 'ಗಟ್ಟಿ ಇರಲಿ' ಎಂದು 3 ಮಿ.ಮೀ. ತುರುಕಿದರೆ ಅದು ಜಾರುವುದಿಲ್ಲ. ಚೌಕ ಮತ್ತು ನಕ್ಷತ್ರದಾಕಾರದ ದಾರ ಚೆನ್ನಾಗಿ ಕತ್ತರಿಸುತ್ತದೆ ನಿಜ, ಆದರೆ ತಟ್ಟಿ ಬಿಡುವ ಹೆಡ್ಡಿಗೆ ದುಂಡನೆಯದೇ ನನ್ನ ಆಯ್ಕೆ. ತಗಡಿನ ಶೆಡ್ಡಿನಲ್ಲಿ ಬೇಸಿಗೆಯೆಲ್ಲ ಬಿದ್ದಿದ್ದ ದಾರ ಒಣಗಿ ಪಟಪಟ ಮುರಿಯುತ್ತದೆ. ಸುತ್ತುವ ಮುನ್ನ ಒಂದು ರಾತ್ರಿ ಬಕೆಟ್ ನೀರಲ್ಲಿ ನೆನೆಸಿಡಿ. ನೈಲಾನ್ ನೀರು ಹೀರಿ ಮತ್ತೆ ಬಳುಕುತ್ತದೆ.

ಹೆಡ್ ನಿಜವಾಗಿಯೂ ಬದಲಿಸಬೇಕಾದದ್ದು ಯಾವಾಗ? ಒಳಗಿನ ಹಲ್ಲು ಸವೆದಾಗ, ಮುಚ್ಚಳದ ಕಿವಿ ಮುರಿದಾಗ, ಕಣ್ಣಿನ ಲೋಹದ ಬಳೆ ಬಿದ್ದುಹೋಗಿ ದಾರ ಪ್ಲಾಸ್ಟಿಕ್ಕನ್ನು ಕೊರೆದಾಗ. ಬಟನ್ ಮಾತ್ರ ಸವೆದಿದ್ದರೆ, ಬಿಡಿಯಾಗಿ ಸಿಗುವ ಮಾದರಿಗಳಲ್ಲಿ ಅದೊಂದನ್ನೇ ಹಾಕಿಸಿ.

ಪ್ರಶ್ನೆ: ನಮ್ಮದು ಇದಕ್ಕೆ ಉಲ್ಟಾ. ತಟ್ಟದಿದ್ದರೂ ದಾರ ತಾನಾಗಿ ಬಂದು ಬೇಗ ಖಾಲಿಯಾಗುತ್ತದೆ. (ತುರುವೇಕೆರೆಯ ಓದುಗರು)

ಉತ್ತರ: ಹೆಡ್ಡನ್ನು ನೆಲಕ್ಕೆ ಊರಿಕೊಂಡು ಹೊಡೆಯುತ್ತಿದ್ದೀರಾ ಎಂದು ಮೊದಲು ನೋಡಿ. ಬಟನ್ ನೆಲಕ್ಕೆ ತಾಗುತ್ತಲೇ ಇದ್ದರೆ ದಾರ ಬರುತ್ತಲೇ ಇರುತ್ತದೆ. ಬೆಲ್ಟನ್ನು ಸ್ವಲ್ಪ ಗಿಡ್ಡ ಮಾಡಿಕೊಂಡು ಹೆಡ್ ಎರಡು ಇಂಚು ಮೇಲೆ ತೇಲುವಂತೆ ಹಿಡಿಯಿರಿ. ಆಗಲೂ ನಿಲ್ಲದಿದ್ದರೆ ಸ್ಪ್ರಿಂಗ್ ಕುಸಿದಿದೆ ಅಥವಾ ಸ್ಪೂಲಿನ ಹಲ್ಲು ಸವೆದಿದೆ.

ಪ್ರಶ್ನೆ: ದಾರ ಪದೇಪದೇ ತುಂಡಾಗುತ್ತದೆ. ಬೈಕಿನ ಕ್ಲಚ್ ಕೇಬಲ್ ಹಾಕಿದರೆ ಬಾಳಿಕೆ ಬರುತ್ತದೆ ಎನ್ನುತ್ತಾರೆ. ಹಾಕಬಹುದೇ? (ಶಿರಾ ತಾಲ್ಲೂಕಿನ ಓದುಗರು)

ಉತ್ತರ: ಖಂಡಿತ ಬೇಡ. ಕೇಬಲ್ಲಾಗಲಿ, ಬೇಲಿ ತಂತಿಯಾಗಲಿ, ಕಣ್ಣಿನ ಬಳಿ ಮತ್ತೆ ಮತ್ತೆ ಬಾಗಿ ಬಳಲಿ ತುಂಡಾಗುತ್ತದೆ. ಆ ಚೂರು ಗುಂಡಿನಂತೆ ಹಾರುತ್ತದೆ. ಕಣ್ಣು ಹೋಗಬಹುದು, ಜೀವವೇ ಹೋಗಬಹುದು. ಯಾರಾದರೂ ಹಾಕಿಕೊಂಡು ಓಡಿಸುತ್ತಿದ್ದರೆ ನಿಲ್ಲಿಸಿ ಹೇಳಿ. ನೈಲಾನ್ ದಾರ ಓಡಿಸುವಾಗಲೂ ಕನ್ನಡಕ, ಬೂಟು ಇರಲಿ, 15 ಮೀಟರ್ ಒಳಗೆ ಯಾರೂ ನಿಲ್ಲದಿರಲಿ.

ದಾರ ತುಂಡಾಗುವುದು ಗಟ್ಟಿ ವಸ್ತುವಿಗೆ ಬಡಿದಾಗ. ಗರಿಕೆ, ಎಳೆಯ ಕಾಂಗ್ರೆಸ್ ಗಿಡಕ್ಕೆ ದಾರ ಸಾಕು. ಬೆರಳು ದಪ್ಪದ ಲಂಟಾನಕ್ಕೆ ದಾರ ಬಿಚ್ಚಿ, ಬ್ಲೇಡಿಗೆ ತಕ್ಕ ಗಾರ್ಡ್ ಸಮೇತ ಲೋಹದ ಬ್ಲೇಡ್ ಹಾಕಿ. ಕಲ್ಲುಕಂಬ, ಬದುವಿನ ಹತ್ತಿರ ರೇಸ್ ಇಳಿಸಿ, ದಾರದ ತುದಿಯಷ್ಟೇ ತಾಗುವಂತೆ ಪಕ್ಕದಿಂದ ಬನ್ನಿ. ಡ್ರಿಪ್ ಇರುವ ತೋಟದಲ್ಲಿ ಮೊದಲು ಪೈಪನ್ನು ಮರದ ಬುಡಕ್ಕೆ ಎಳೆದಿಡಿ, 16 ಮಿ.ಮೀ. ಲ್ಯಾಟರಲ್ ಪೈಪಿಗೆ ದಾರ ತಾಗಿದರೆ ಸೀಳುತ್ತದೆ. ಅಡಿಕೆ ಸಸಿ, ಮಾವಿನ ಗಿಡದ ಸುತ್ತ ಒಂದು ಅಡಿ ಜಾಗವನ್ನು ಕುಡುಗೋಲಿಗೇ ಬಿಡಿ. ಎಳೆ ಮಾವಿನ ತೊಗಟೆ ಸುತ್ತಲೂ ಕಿತ್ತುಹೋದರೆ ಗಿಡ ಒಣಗುತ್ತದೆ.